ಜಿಂಕೆ ಸುಲಿಯುವ ಚಾಕುವಿಗೆ ಯಾವ ಉಕ್ಕು, ಎಂಥ ಹದ: ಡಿ2 ಮತ್ತು ಮ್ಯಾಗ್ನಾಕಟ್ ಒಂದೇ ಬೆಂಚಿನ ಮೇಲೆ

ಬೇಡಿಕೆ ಹೀಗಿತ್ತು. ಒಂದು ಜಿಂಕೆಯ ಚರ್ಮ ಪೂರ್ತಿ ಸುಲಿದು, ಮಾಂಸ ಬಿಡಿಸಿ ಮುಗಿಯುವ ತನಕ ಕಲ್ಲಿಗೆ ಉಜ್ಜುವ ಹಾಗಿರಬಾರದು, ಸಾಧ್ಯವಾದರೆ ಎರಡು ಜಿಂಕೆ. ಮೂಳೆಗೆ ತಾಗಿದರೆ ಬಾಯಿಯಿಂದ ಚಕ್ಕೆ ಹಾರಬಾರದು. ಬ್ಲೀಚ್‌ನಲ್ಲಿ ತೊಳೆದರೂ ತುಕ್ಕು ಹಿಡಿಯಬಾರದು. ಕೇಳಿದವನು ನನ್ನ ಜೊತೆ ಕೆಲಸ ಮಾಡುವವನು, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ಕಡೆಯವನು, ಅಜ್ಜನ ಕಾಲದಿಂದಲೂ ಬೇಟೆಗೆ ಹೋಗುವ ಮನೆ. ಇಲ್ಲಿ ಬಂದೂಕಿನ ಜಿಂಕೆ ಬೇಟೆಯ ಮುಖ್ಯ ಸೀಸನ್ ಒಂಬತ್ತೇ ದಿನ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ಹಾಗಾಗಿ ಚಾಕು ನವೆಂಬರ್ ಮಧ್ಯದೊಳಗೆ ಕೈಗೆ ಸಿಗಬೇಕು.

ಊರಿನಲ್ಲಿ ಕೂತು ಓದುವವರಿಗೆ ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಬೇಟೆಯ ಮಾತೇ ಇಲ್ಲ. ಇಲ್ಲಿ ಸರ್ಕಾರವೇ ಲೈಸೆನ್ಸ್ ಕೊಟ್ಟು, ಯಾವ ಜಾಗದಲ್ಲಿ ಎಷ್ಟು ಅಂತ ಲೆಕ್ಕ ಹಾಕಿ ಬಿಡುತ್ತದೆ. ಅದರ ಸರಿತಪ್ಪಿನ ಚರ್ಚೆ ಇಲ್ಲಿ ಬೇಡ. ನಮ್ಮ ಮನೆಯಲ್ಲಂತೂ ಮಾಂಸ ಬೇಯಿಸುವುದಿಲ್ಲ, ಆದ್ದರಿಂದ ನನ್ನ ಪರೀಕ್ಷೆಯೆಲ್ಲ ಗ್ಯಾರೇಜಿನಲ್ಲಿ ಹಗ್ಗದ ಮೇಲೆ.

ಮೊದಲು ಚಾಕು ಯಾಕೆ ಮೊಂಡಾಗುತ್ತದೆ ಅಂತ ನೋಡೋಣ. ಮಾಂಸ ಕೊಯ್ದರೆ ಬಾಯಿ ಹೋಗುವುದಿಲ್ಲ. ಹೋಗುವುದು ಚರ್ಮ ಮತ್ತು ಕೂದಲಿನಿಂದ. ಜಿಂಕೆಯ ಚಳಿಗಾಲದ ಕೂದಲು ಒಳಗೆ ಟೊಳ್ಳು, ಒತ್ತಾಗಿ ಬೆಳೆದಿರುತ್ತದೆ, ಅದರ ತುಂಬ ಮಣ್ಣು ಮರಳು ಸೇರಿಕೊಂಡಿರುತ್ತದೆ. ಮರಳು ಅಂದರೆ ಸಿಲಿಕಾ. ವಿಕರ್ಸ್ ಅಳತೆಯಲ್ಲಿ ಅದರ ಗಡಸು ಸುಮಾರು 1100. ಚೆನ್ನಾಗಿ ಹದ ಮಾಡಿದ, ಅಂದರೆ ಕಾಯಿಸಿ ತಣಿಸಿ ಗಡಸು ಮಾಡಿದ, ಚಾಕುವಿನ ಉಕ್ಕು ರಾಕ್‌ವೆಲ್ ಎಂಬ ಇನ್ನೊಂದು ಗಡಸಿನ ಅಳತೆಯಲ್ಲಿ 61 (ಎಚ್‌ಆರ್‌ಸಿ) ಇರುತ್ತದೆ, ವಿಕರ್ಸ್‌ನಲ್ಲಿ ಅದು ಸುಮಾರು 720. ಲೆಕ್ಕ ಗೊತ್ತಾಯ್ತಲ್ವಾ? ಉಕ್ಕಿಗಿಂತ ಮರಳೇ ಗಟ್ಟಿ. ಬರೀ ಗಡಸು ಏರಿಸಿ ಮರಳನ್ನು ಗೆಲ್ಲಲು ಆಗುವುದಿಲ್ಲ.

ಗೆಲ್ಲಿಸುವುದು ಕಾರ್ಬೈಡ್. ಉಕ್ಕಿನೊಳಗೆ ಇಂಗಾಲವು ಬೇರೆ ಲೋಹದ ಜೊತೆ ಸೇರಿ ಆಗುವ ಗಟ್ಟಿ ಕಣಗಳು ಇವು. ಸಾದಾ ಕಾರ್ಬನ್ ಉಕ್ಕಿನಲ್ಲಿ ಇರುವುದು ಸಿಮೆಂಟೈಟ್, ಅದರ ಗಡಸು ಸಾವಿರದ ಆಸುಪಾಸು, ಮರಳಿಗೆ ಸರಿಸಮ ಅನ್ನಬಹುದು ಅಷ್ಟೇ. ಕ್ರೋಮಿಯಂ ಕಾರ್ಬೈಡ್ 1500 ದಾಟುತ್ತದೆ. ವನೇಡಿಯಂ ಕಾರ್ಬೈಡ್ 2800ರ ಹತ್ತಿರ. ಸವೆತ ತಡೆಯುವ ಉಕ್ಕು ಅಂತ ಅಂಗಡಿಯವರು ಮಾರುವುದರ ಗುಟ್ಟು ಇದೇ: ಒಳಗೆ ಯಾವ ಕಾರ್ಬೈಡ್ ಇದೆ, ಎಷ್ಟಿದೆ, ಎಷ್ಟು ದಪ್ಪ ಇದೆ.

ದಪ್ಪದ ವಿಷಯವೇ ನನಗೆ ಜಾಸ್ತಿ ಮುಖ್ಯ ಅನಿಸುವುದು. ಡಿ2 ಅಂದರೆ ಕಾರ್ಖಾನೆಯ ಅಚ್ಚು, ಡೈಗಳಿಗೆ ಬಳಸುವ ಹಳೆಯ ಉಕ್ಕು. ಆ ತರದ ಉಕ್ಕನ್ನು ಕರಗಿಸಿ ದೊಡ್ಡ ಗಟ್ಟಿಯಾಗಿ ಎರಕ ಹೊಯ್ಯುತ್ತಾರೆ. ಅದು ನಿಧಾನವಾಗಿ ಆರುವಾಗ ಕಾರ್ಬೈಡ್ ಕಣಗಳು ಆರಾಮವಾಗಿ ಬೆಳೆಯುತ್ತವೆ, 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಕೆಲವು ಅದಕ್ಕೂ ದೊಡ್ಡವು. ಹರಿತವಾದ ಬಾಯಿಯ ತುದಿ ಒಂದು ಮೈಕ್ರಾನ್‌ಗಿಂತ ತೆಳ್ಳಗಿರುತ್ತದೆ. ತೆಳ್ಳನೆಯ ಅವಲಕ್ಕಿ ವಡೆಯೊಳಗೆ ಇಡೀ ಕಡಲೆಕಾಳು ಸಿಕ್ಕಿಕೊಂಡ ಹಾಗೆ ಇದು, ಒತ್ತಿದರೆ ಅಲ್ಲೇ ಬಿರುಕು ಬಿಡುತ್ತದೆ. ಪುಡಿ ಉಕ್ಕಿನ ವಿಧಾನ ಬಂದಿದ್ದು ಇದಕ್ಕೇ. ಕರಗಿದ ಉಕ್ಕನ್ನು ಅನಿಲದ ರಭಸದಲ್ಲಿ ತುಂತುರು ಮಾಡಿದರೆ ಪ್ರತಿ ಹನಿಯೂ ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಕಾರ್ಬೈಡ್ ಬೆಳೆಯಲು ಸಮಯವೇ ಸಿಗುವುದಿಲ್ಲ. ಆಮೇಲೆ ಆ ಪುಡಿಯನ್ನು ಡಬ್ಬಿಯಲ್ಲಿ ತುಂಬಿ, ಬಿಸಿ ಮತ್ತು ಒತ್ತಡದಲ್ಲಿ ಒಂದೇ ಗಟ್ಟಿ ಮಾಡುತ್ತಾರೆ. ಕಣಗಳು ಎರಡು ಮೂರು ಮೈಕ್ರಾನ್‌ನಲ್ಲೇ ನಿಲ್ಲುತ್ತವೆ. ಅಮೆರಿಕದಲ್ಲಿ ಕ್ರೂಸಿಬಲ್ ಕಂಪನಿ 1970ರ ಸುಮಾರಿಗೆ ಇದನ್ನು ಮಾರುಕಟ್ಟೆಗೆ ತಂದಿತು, ಹೆಸರಿನ ಮುಂದೆ ಸಿಪಿಎಂ ಅಂತ ಇರುವ ಉಕ್ಕುಗಳೆಲ್ಲ ಅಲ್ಲಿಂದ ಬಂದವು. 2024ರ ಡಿಸೆಂಬರ್‌ನಲ್ಲಿ ಆ ಕಂಪನಿ ದಿವಾಳಿ ಅರ್ಜಿ ಹಾಕಿದ್ದು ಚಾಕು ಮಾಡುವವರಿಗೆಲ್ಲ ತಲೆಬಿಸಿ ತಂದಿತ್ತು.

ವನೇಡಿಯಂ ಅಂದಾಗ ಒಂದು ಅಡ್ಡ ಮಾತು. ನಮ್ಮ ಮೈಸೂರು ಸೀಮೆಯಲ್ಲಿ ಮೂಸೆಯೊಳಗೆ ಉಕ್ಕು ಮಾಡುತ್ತಿದ್ದುದನ್ನು ಫ್ರಾನ್ಸಿಸ್ ಬುಕನನ್ 1800ರಲ್ಲಿ ಓಡಾಡಿ ನೋಡಿ ಬರೆದಿದ್ದಾನೆ. ದಕ್ಷಿಣ ಭಾರತದ ಆ ಮೂಸೆ ಉಕ್ಕಿನಿಂದ ಮಾಡಿದ ಕತ್ತಿಗಳ ಮೇಲೆ ನೀರಿನ ಅಲೆಯಂಥ ಗೆರೆ ಮೂಡುವುದಕ್ಕೆ ಅದಿರಿನಲ್ಲಿದ್ದ ಚಿಟಿಕೆ ವನೇಡಿಯಂ ಕಾರಣ ಅಂತ ಜಾನ್ ವರ್ಹೂವನ್ ಮತ್ತು ಆಲ್ಫ್ರೆಡ್ ಪೆಂಡ್ರೇ 1990ರ ದಶಕದಲ್ಲಿ ತೋರಿಸಿದರು. ಅದು ಗೆರೆ ಮೂಡಿಸುವಷ್ಟು ಮಾತ್ರ, ಸವೆತ ತಡೆಯುವಷ್ಟು ಅಲ್ಲ. ಆದರೂ ಓದಿದಾಗ ಖುಷಿಯಾಯಿತು.

ಸರಿ, ಆಯ್ಕೆಗೆ ಬರೋಣ. 1095 ಮತ್ತು 52100 ನನಗೆ ತುಂಬ ಇಷ್ಟದ ಉಕ್ಕುಗಳು, ಎರಡೂ ಸ್ಟೇನ್‌ಲೆಸ್ ಅಲ್ಲದ ಕಾರ್ಬನ್ ಉಕ್ಕು. 52100 ಅಂದರೆ ಬೇರಿಂಗ್ ಉಕ್ಕು, ಅದರ ಬಾಯಿ ಎಷ್ಟು ತೆಳ್ಳಗೆ ಮಾಡಿದರೂ ನಿಲ್ಲುತ್ತದೆ. ಆದರೆ ಬ್ಲೀಚ್ ವಿಷಯ ಎರಡನ್ನೂ ಹೊರಗೆ ಹಾಕಿತು. ವಿಸ್ಕಾನ್ಸಿನ್ ಜಿಂಕೆಗಳಲ್ಲಿ ಸಿಡಬ್ಲ್ಯೂಡಿ ಅಂತ ಮಿದುಳಿನ ರೋಗ ಇದೆ, 2002ರಲ್ಲಿ ಇಲ್ಲಿ ಮೊದಲು ಪತ್ತೆಯಾಗಿದ್ದು. ಪ್ರಯಾನ್ ಎಂಬ ಕೆಟ್ಟ ಪ್ರೊಟೀನ್ ಅದಕ್ಕೆ ಕಾರಣ, ಅದು ಕುದಿಸಿದರೆ ಸಾಯುವ ಜಾತಿಯಲ್ಲ. ಶೇಕಡಾ 40 ಮನೆ ಬ್ಲೀಚ್ ಇರುವ ನೀರಿನಲ್ಲಿ ಐದು ನಿಮಿಷ ಇಟ್ಟರೆ ಉಕ್ಕಿನ ಮೇಲ್ಮೈ ಮೇಲಿನದು ನಿಷ್ಕ್ರಿಯವಾಗುತ್ತದೆ ಅಂತ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು 2019ರಲ್ಲಿ ತೋರಿಸಿದರು. ನನ್ನ ಗೆಳೆಯ ಅದನ್ನು ಬಿಡದೆ ಪಾಲಿಸುವವನು. ಕಾರ್ಬನ್ ಉಕ್ಕನ್ನು ಆ ನೀರಿಗೆ ಹಾಕಿದರೆ ಕಣ್ಣೆದುರೇ ಕಪ್ಪಾಗಿ ಗುಳಿ ಬೀಳುತ್ತದೆ.

ಎಸ್90ವಿ ಎಂಬ ಪುಡಿ ಉಕ್ಕು ನೋಡಿದೆ. ಶೇಕಡಾ 9 ವನೇಡಿಯಂ, ಸವೆಯುವುದೇ ಇಲ್ಲ ಅನ್ನಬಹುದು. ಆದರೆ ಅದನ್ನು ಮಸೆಯುವುದು ಯಾರು? ಸಾಮಾನ್ಯ ಸಾಣೆ ಕಲ್ಲಿನ ಅಲ್ಯುಮಿನಾ 2000ದ ಹತ್ತಿರ, ವನೇಡಿಯಂ ಕಾರ್ಬೈಡ್‌ಗಿಂತ ಮೆತ್ತಗೆ. ಡೈಮಂಡ್ ಪ್ಲೇಟ್ ಇಲ್ಲದೆ ಆಗದು, ಇದ್ದರೂ ಬೇಟೆ ಗುಡಿಸಲಿನಲ್ಲಿ ರಾತ್ರಿ ಕೂತು ಉಜ್ಜುತ್ತಾ ಇರಬೇಕು. ಬಾಯಿ ತಿರುಚಿದರೆ ಚಕ್ಕೆ ಏಳುವ ಭಯ ಬೇರೆ. ಸವೆತದ ಪಟ್ಟಿಯಲ್ಲಿ ಮೇಲಿರುವ ಉಕ್ಕನ್ನೇ ತಂದು ಹೆಸರನ್ನು ಅಲಗಿನ ಮೇಲೆ ದೊಡ್ಡದಾಗಿ ಕೆತ್ತುವ ಹುಚ್ಚು ನಮ್ಮ ಹವ್ಯಾಸದಲ್ಲಿ ಜಾಸ್ತಿ, ಬಳಸುವವನ ಕೈ ನೋಡುವವರು ಕಮ್ಮಿ.

ಕೊನೆಗೆ ಉಳಿದಿದ್ದು ಮ್ಯಾಗ್ನಾಕಟ್. ಲಾರಿನ್ ಥಾಮಸ್ ಎಂಬ ಲೋಹ ವಿಜ್ಞಾನಿ ರೂಪಿಸಿದ ಪುಡಿ ಉಕ್ಕು, 2021ರಲ್ಲಿ ಮಾರುಕಟ್ಟೆಗೆ ಬಂತು. ಶೇಕಡಾ 4 ವನೇಡಿಯಂ, 2 ನಿಯೋಬಿಯಂ, ಕ್ರೋಮಿಯಂ 11ಕ್ಕೂ ಸ್ವಲ್ಪ ಕಡಿಮೆ. ಕ್ರೋಮಿಯಂ ಕಮ್ಮಿ ಇದ್ದರೂ ತುಕ್ಕು ಯಾಕೆ ಹಿಡಿಯುವುದಿಲ್ಲ ಅಂದರೆ, ಹದ ಮಾಡಿದ ಮೇಲೆ ಆ ಕ್ರೋಮಿಯಂ ಕಾರ್ಬೈಡ್ ಆಗಿ ಸಿಕ್ಕಿಕೊಳ್ಳದೆ ಪೂರ್ತಿ ಉಕ್ಕಿನಲ್ಲೇ ಕರಗಿ ಉಳಿಯುತ್ತದೆ. ಡಿ2ನಲ್ಲಿ 12 ಇದೆ, ಆದರೆ ಅರ್ಧದಷ್ಟು ಕಾರ್ಬೈಡ್‌ಗೇ ಹೋಗುತ್ತದೆ. ಅದಕ್ಕೇ ಡಿ2 ಸ್ಟೇನ್‌ಲೆಸ್ ಅನಿಸಿಕೊಳ್ಳುವುದಿಲ್ಲ.

ಆದರೂ ಡಿ2 ಉಕ್ಕಿನ ಪಟ್ಟಿಯೊಂದು ಮನೆಯಲ್ಲೇ ಇತ್ತು. ಆರ್ಕನ್ಸಾದ ಬಾಬ್ ಡೋಜಿಯರ್ ಬರೀ ಡಿ2 ಬೇಟೆ ಚಾಕುಗಳಿಂದಲೇ ಹೆಸರು ಮಾಡಿದವರು, ಹಳೆಯದು ಅಂತ ತಳ್ಳಿಹಾಕುವ ಉಕ್ಕಲ್ಲ ಅದು. ಒಂದೇ ಅಚ್ಚಿನಲ್ಲಿ ಎರಡು ಅಲಗು ಕತ್ತರಿಸಿದೆ, ಒಂದು ಡಿ2, ಒಂದು ಮ್ಯಾಗ್ನಾಕಟ್. ಬೆನ್ನು ತುದಿಯ ಕಡೆ ಸ್ವಲ್ಪ ಇಳಿಯುವ ಡ್ರಾಪ್ ಪಾಯಿಂಟ್ ಆಕಾರ, ಬೇಟೆ ಚಾಕುವಿಗೆ ಇದನ್ನು ಜನಪ್ರಿಯ ಮಾಡಿದ್ದು ಅಮೆರಿಕದ ಚಾಕು ತಯಾರಕ ಬಾಬ್ ಲವ್‌ಲೆಸ್. ಹೊಟ್ಟೆ ಸೀಳುವಾಗ ಮೊನೆ ಒಳಗಿನ ಕರುಳಿಗೆ ಚುಚ್ಚುವುದಿಲ್ಲ. ಅಲಗು 95 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ದಪ್ಪ.

ಉಕ್ಕು ಮೆತ್ತಗಿರುವಾಗಲೇ ಹಿಡಿಯ ತೂತು ಕೊರೆದೆ. ಆಮೇಲೆ ಕೊರೆಯಲು ಹೋದರೆ ಡ್ರಿಲ್ ಬಿಟ್ ಉಳಿಯುವುದಿಲ್ಲ. ಬೆಲ್ಟ್ ಗ್ರೈಂಡರ್‌ನಲ್ಲಿ ಎರಡೂ ಕಡೆ ಚಪ್ಪಟೆ ಇಳಿಜಾರು ತೆಗೆದು, ಬಾಯಿಯಲ್ಲಿ 0.6 ಮಿಲಿಮೀಟರ್ ಬಿಟ್ಟೆ. ಇನ್ನೂ ತೆಳ್ಳಗೆ ಮಾಡಿದರೆ ಬಿಸಿಯಲ್ಲಿ ಬಾಯಿ ಅಲೆ ಅಲೆಯಾಗಿ ಸೊಟ್ಟಗಾಗುತ್ತದೆ.

ಈಗ ಹದ. ಊರಿನ ಕಮ್ಮಾರರು ಲಾರಿಯ ಪಟ್ಟಿ ಸ್ಪ್ರಿಂಗ್ ತಂದು ಕುಲುಮೆಯಲ್ಲಿ ಕಾಯಿಸಿ, ಬಣ್ಣ ನೋಡಿ ಅದ್ದಿ, ಒಳ್ಳೆಯ ಕತ್ತಿ ಮಾಡುತ್ತಾರೆ. ಆ ಉಕ್ಕು ಕ್ಷಮಿಸುವ ಗುಣದ್ದು, 830 ಡಿಗ್ರಿ ಆಸುಪಾಸಿನಲ್ಲಿ ಸ್ವಲ್ಪ ಹೆಚ್ಚು ಕಮ್ಮಿಯಾದರೂ ನಡೆಯುತ್ತದೆ. ಅಯಸ್ಕಾಂತ ಹಿಡಿಯುವುದು ನಿಂತರೆ 770 ಡಿಗ್ರಿ ದಾಟಿತು ಅಂತ, ಇನ್ನು ಸ್ವಲ್ಪ ಕಾಯಿಸಿದರೆ ಆಯಿತು. ಡಿ2ಗೆ 1010ರ ಮೇಲೆ ಬೇಕು, ಮ್ಯಾಗ್ನಾಕಟ್‌ಗೆ 1120. ಅಷ್ಟು ಬಿಸಿಯಲ್ಲಿ ಅಯಸ್ಕಾಂತ ಏನೂ ಹೇಳುವುದಿಲ್ಲ, ಕಣ್ಣಿಗೂ 40 ಡಿಗ್ರಿ ವ್ಯತ್ಯಾಸ ಕಾಣುವುದಿಲ್ಲ, ಆದರೆ ಉಕ್ಕಿಗೆ ಆ 40 ಡಿಗ್ರಿಯೇ ಎಲ್ಲ. ಕಮ್ಮಿಯಾದರೆ ಇಂಗಾಲ ಸಾಕಷ್ಟು ಕರಗದೆ ಗಡಸು ಬರುವುದಿಲ್ಲ, ಜಾಸ್ತಿಯಾದರೆ ಉಕ್ಕಿನೊಳಗಿನ ಹರಳುಗಳು, ಅಂದರೆ ಕಾಳು, ದಪ್ಪಗಾಗಿ ಉಕ್ಕು ಪೆಡಸಾಗುತ್ತದೆ. ಈ ಜಾತಿಯ ಉಕ್ಕಿಗೆ ಕಂಟ್ರೋಲರ್ ಇರುವ ವಿದ್ಯುತ್ ಕುಲುಮೆ ಬೇಕೇ ಬೇಕು.

ಎರಡು ಅಲಗನ್ನೂ ಸ್ಟೇನ್‌ಲೆಸ್ ಹಾಳೆಯಲ್ಲಿ ಗಾಳಿಯಾಡದ ಹಾಗೆ ಮಡಿಚಿ ಸುತ್ತಿದೆ. ತೆರೆದಿಟ್ಟರೆ ಮೇಲ್ಮೈಯ ಇಂಗಾಲ ಉರಿದು ಹೋಗುತ್ತದೆ. ಡಿ2ಗೆ 321 ದರ್ಜೆಯ ಹಾಳೆ ಸಾಕು, 1120ಕ್ಕೆ 309 ದರ್ಜೆಯದು ಬೇಕು. ಆ ಹಾಳೆಯ ಅಂಚು ಬ್ಲೇಡಿಗಿಂತ ಅಪಾಯ, ದಪ್ಪ ಗ್ಲೌಸ್ ಹಾಕಿ.

ಡಿ2 ಮೊದಲು. 650ರಲ್ಲಿ ನಿಲ್ಲಿಸಿ ಒಳಹೊರಗೆ ಸಮ ಕಾಯುವಂತೆ ಮಾಡಿ, 1015ಕ್ಕೆ ಏರಿಸಿ 25 ನಿಮಿಷ. ತೆಗೆದ ತಕ್ಷಣ ಹಾಳೆಯ ಸಮೇತ ಎರಡು ದಪ್ಪ ಅಲ್ಯುಮಿನಿಯಂ ತಟ್ಟೆಗಳ ನಡುವೆ ಒತ್ತಿ ಹಿಡಿದೆ. ಎಣ್ಣೆ ಬೇಕಿಲ್ಲ, ಡಿ2 ಗಾಳಿಯಲ್ಲೇ ಗಡಸಾಗುವ ಉಕ್ಕು. ತಟ್ಟೆಯಿಂದ ಇನ್ನೊಂದು ಲಾಭ, ಅಲಗು ನೇರವಾಗಿರುತ್ತದೆ. ಹಾಗಿದ್ದೂ ಡಿ2 ಅಲಗು ಅರ್ಧ ಮಿಲಿಮೀಟರ್ ಬಿಲ್ಲಾಯಿತು. ಇದು ಸಾಮಾನ್ಯ. ಮುಂದಿನ ಹಂತದಲ್ಲಿ, 200 ಡಿಗ್ರಿಯಲ್ಲಿ ಟೆಂಪರ್ ಮಾಡುವಾಗ, ಅಂದರೆ ಪೆಡಸುತನ ಇಳಿಯಲು ಕಮ್ಮಿ ಬಿಸಿಯಲ್ಲಿ ಮತ್ತೆ ಕಾಯಿಸುವಾಗ, ಎದುರು ದಿಕ್ಕಿಗೆ ಸ್ವಲ್ಪ ಬಗ್ಗಿಸಿ ಕ್ಲಾಂಪ್ ಹಾಕಿದರೆ ನೇರವಾಗುತ್ತದೆ. ಆಯಿತು ಕೂಡ. ತಣ್ಣಗಿರುವಾಗ ಸುತ್ತಿಗೆಯಿಂದ ತಟ್ಟಲು ಹೋಗಬೇಡಿ, ಎರಡು ತುಂಡು ಸಿಗುತ್ತದೆ.

ಮ್ಯಾಗ್ನಾಕಟ್ 1120ರಲ್ಲಿ 20 ನಿಮಿಷ, ಮತ್ತೆ ಅದೇ ತಟ್ಟೆ, ಜೊತೆಗೆ ಕಂಪ್ರೆಸರ್ ಗಾಳಿ. ಸ್ಟೇನ್‌ಲೆಸ್ ಉಕ್ಕು ಮೊದಲ ಕೆಲವು ನೂರು ಡಿಗ್ರಿ ಬೇಗ ಇಳಿಯಬೇಕು. ನಿಧಾನ ಮಾಡಿದರೆ ಕ್ರೋಮಿಯಂ ಕಾಳಿನ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂತುಬಿಡುತ್ತದೆ, ಆಮೇಲೆ ತುಕ್ಕು ಅಲ್ಲಿಂದಲೇ ಶುರು.

ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಕೂಡಲೇ ಎರಡನ್ನೂ ಡ್ರೈ ಐಸ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್ ಮಿಶ್ರಣಕ್ಕೆ ಹಾಕಿದೆ, ಮೈನಸ್ 78 ಡಿಗ್ರಿ. ಇಲ್ಲಿ ಡ್ರೈ ಐಸ್ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತದೆ. ಬಾಗಿಲು ತೆರೆದಿಡಿ, ಬೆಂಕಿ ಹತ್ತಿರ ಇರಬಾರದು. ಇದರ ಕೆಲಸ ಏನು ಅಂದರೆ, ಇಷ್ಟು ಇಂಗಾಲ ಮತ್ತು ಲೋಹ ಕರಗಿದ ಉಕ್ಕು ಕೋಣೆಯ ಬಿಸಿಗೆ ಇಳಿದರೂ ಪೂರ್ತಿ ಗಡಸಾಗಿರುವುದಿಲ್ಲ, ಆಸ್ಟೆನೈಟ್ ಎಂಬ ಮೆತ್ತನೆಯ ಭಾಗ ಒಳಗೆ ಉಳಿದಿರುತ್ತದೆ. ಇನ್ನೂ ತಣ್ಣಗೆ ಮಾಡಿದರೆ ಅದೂ ಬದಲಾಗುತ್ತದೆ. ನಾಳೆ ಮಾಡೋಣ ಅಂತ ಬಿಟ್ಟರೆ ಆ ಭಾಗ ಹಟ ಹಿಡಿದು ಕೂರುತ್ತದೆ, ಅದಕ್ಕೇ ತಕ್ಷಣ. ದ್ರವ ಸಾರಜನಕದಲ್ಲಿ ಮೈನಸ್ 196ಕ್ಕೆ ಇಳಿಸಿದರೆ ಚಾಕು ಮೂರು ಪಟ್ಟು ಬಾಳುತ್ತೆ ಅನ್ನುವವರಿದ್ದಾರೆ. ಅದೆಲ್ಲ ಸುಮ್ನೆ. ಡ್ರೈ ಐಸ್‌ನಲ್ಲೇ ಲಾಭದ ಬಹುಪಾಲು ಸಿಗುತ್ತದೆ.

ಟೆಂಪರ್ ಎರಡು ಸಲ, ಎರಡೆರಡು ಗಂಟೆ. ಡಿ2 200 ಡಿಗ್ರಿಯಲ್ಲಿ, ಮ್ಯಾಗ್ನಾಕಟ್ 175ರಲ್ಲಿ. ಎರಡಕ್ಕೂ 500 ಡಿಗ್ರಿ ಮೇಲೆ ಟೆಂಪರ್ ಮಾಡುವ ಇನ್ನೊಂದು ದಾರಿ ಇದೆ, ಅಲ್ಲಿ ಗಡಸು ಮತ್ತೆ ಏರುತ್ತದೆ. ಅಚ್ಚು ಮಾಡುವವರಿಗೆ ಅದು ಸರಿ. ಚಾಕುವಿಗೆ ಬೇಡ, ಮುರಿಯದೆ ತಾಳುವ ಗುಣ ಕುಗ್ಗುತ್ತದೆ, ಸ್ಟೇನ್‌ಲೆಸ್ ಆದರೆ ತುಕ್ಕು ತಡೆಯುವ ಶಕ್ತಿಯೂ ಹೋಗುತ್ತದೆ. ಆಫೀಸಿನ ರಾಕ್‌ವೆಲ್ ಯಂತ್ರದಲ್ಲಿ ನೋಡಿದಾಗ ಡಿ2 61, ಮ್ಯಾಗ್ನಾಕಟ್ 62.5. ಬೇಕಾಗಿದ್ದು ಅದೇ.

ಬೆಂಗಳೂರಿನಲ್ಲಿ ಇದನ್ನು ಮಾಡುವವರಿಗೆ ಉಪಯೋಗವಾಗುವ ಮಾತು. ಅಂಗಡಿಯಲ್ಲಿ ಡಿ2 ಅಂದರೆ ಕೆಲವರು ಕಣ್ಣು ಬಿಡಬಹುದು, ಎಚ್‌ಸಿಎಚ್‌ಸಿಆರ್ ಅಂತ ಕೇಳಿ. ಜಪಾನಿನ ಎಸ್‌ಕೆಡಿ11, ಜರ್ಮನಿಯ 1.2379 ಕೂಡ ಹೆಚ್ಚು ಕಮ್ಮಿ ಅದೇ. ಎಣ್ಣೆಯಲ್ಲಿ ಅದ್ದಿ ಗಡಸು ಮಾಡುವ ಒ1 ಉಕ್ಕು ಬೇಕಾದರೆ ಒಎಚ್‌ಎನ್‌ಎಸ್, 52100 ಬೇಕಾದರೆ ಇಎನ್31. ಟೆಸ್ಟ್ ಸರ್ಟಿಫಿಕೇಟ್ ಕೇಳಿ ತಗೊಳ್ಳಿ, ಗುಜರಿ ಉಕ್ಕಿನ ಮೇಲೆ ಇಷ್ಟೆಲ್ಲ ಶ್ರಮ ಹಾಕುವುದು ದಂಡ. ಕುಲುಮೆ ಇಲ್ಲದಿದ್ದರೆ ಪೀಣ್ಯದ ಕಡೆ ವ್ಯಾಕ್ಯೂಮ್ ಹೀಟ್ ಟ್ರೀಟ್‌ಮೆಂಟ್ ಮಾಡಿಕೊಡುವವರು ಇದ್ದಾರೆ. ಆದರೆ ಅವರ ದಿನನಿತ್ಯದ ಕೆಲಸ ಡೈ ಮತ್ತು ಪಂಚ್. ಚಾಕು ಅಂತ ಹೇಳಿ, ಕಮ್ಮಿ ಬಿಸಿಯ ಟೆಂಪರ್ ಬೇಕು, 60ರಿಂದ 61 ಬೇಕು ಅಂತ ಚೀಟಿಯಲ್ಲಿ ಬರೆದೇ ಕೊಡಿ. ಬಾಯಿಮಾತಿಗೆ ಬಿಟ್ಟರೆ ನಿಮ್ಮ ಅಲಗು ಡೈಗಳ ಜೊತೆ ಒಂದೇ ಬುಟ್ಟಿಗೆ ಬೀಳುತ್ತದೆ.

ಹದ ಆದ ಮೇಲೆ ಬಾಯಿಯನ್ನು 0.3 ಮಿಲಿಮೀಟರ್‌ಗೆ ಇಳಿಸಿದೆ. ಹೊಸ ಸೆರಾಮಿಕ್ ಬೆಲ್ಟ್, ಬರಿಗೈ, ಪಕ್ಕದಲ್ಲಿ ನೀರಿನ ಬಕೆಟ್. ಬೆರಳಿಗೆ ಬಿಸಿ ಹತ್ತುವ ಮೊದಲೇ ನೀರಿಗೆ ಅದ್ದಬೇಕು. ಇಷ್ಟು ತೆಳ್ಳನೆಯ ತುದಿ ಕ್ಷಣಾರ್ಧದಲ್ಲಿ 200 ದಾಟುತ್ತದೆ, ದಾಟಿದರೆ ಕುಲುಮೆಯಲ್ಲಿ ಮಾಡಿದ ಕೆಲಸ ಅಷ್ಟೂ ಬಾಯಿಯ ಅಂಚಿನಲ್ಲೇ ಹಾಳು. ಎರಡಕ್ಕೂ ಒಂದೊಂದು ಕಡೆ 17 ಡಿಗ್ರಿ ಕೋನ, ಒಂದೇ ಡೈಮಂಡ್ ಪ್ಲೇಟ್.

ಪರೀಕ್ಷೆಗೆ 12 ಮಿಲಿಮೀಟರ್ ಮನಿಲಾ ಹಗ್ಗ, ಕೆಳಗೆ ಪೈನ್ ಹಲಗೆ, ಅದರ ಕೆಳಗೆ ತಕ್ಕಡಿ. ಹಗ್ಗ ತುಂಡಾಗಲು ಎಷ್ಟು ಒತ್ತಬೇಕು ಅಂತ ನೋಡುತ್ತಾ ಹೋಗುವುದು. ಶೆಫೀಲ್ಡ್‌ನ ಕ್ಯಾಟ್ರಾ ಸಂಸ್ಥೆಯ ಯಂತ್ರ ಸಿಲಿಕಾ ಬೆರೆಸಿದ ರಟ್ಟನ್ನು ಕೊಯ್ದು ನೋಡುತ್ತದೆ, ನನ್ನದು ಅದರ ಬಡ ನೆಂಟ. ಹಗ್ಗದಲ್ಲಿ ಮ್ಯಾಗ್ನಾಕಟ್ ಮುಂದಿತ್ತು ನಿಜ, ಆದರೆ ಬೆಲೆಯಲ್ಲಿರುವ ಅಂತರ ಇಲ್ಲಿ ಕಾಣಲಿಲ್ಲ. ಡಿ2 ಹತ್ತಿರದಲ್ಲೇ ಹಿಂಬಾಲಿಸುತ್ತಿತ್ತು. ಆಮೇಲೆ ಡಿ2 ಬಾಯಿಯನ್ನು 20 ಡಿಗ್ರಿಗೆ ಬದಲಿಸಿದಾಗ ಅದು ಒಮ್ಮೆಲೇ ಹಿಂದೆ ಬಿತ್ತು. ಉಕ್ಕು ಬದಲಿಸಿದ್ದಕ್ಕಿಂತ ಮೂರು ಡಿಗ್ರಿ ಬದಲಿಸಿದ್ದೇ ಜಾಸ್ತಿ ಕೆಲಸ ಮಾಡಿತು.

ಹಾಗಾದರೆ ಕೋನ ಬದಲಿಸಿದ್ದು ಯಾಕೆ ಅಂತ ಕೇಳಬಹುದು. 17ರಲ್ಲಿ ಡಿ2 ನಿಲ್ಲಲಿಲ್ಲ. ಉದುರಿಬಿದ್ದ ಜಿಂಕೆ ಕೊಂಬೊಂದನ್ನು ಗೆಳೆಯ ಕೊಟ್ಟಿದ್ದ, ಅದಕ್ಕೆ ಬಾಯಿ ಒತ್ತಿ ಸ್ವಲ್ಪ ತಿರುಚಿದೆ, ಕೀಲು ಬಿಡಿಸುವಾಗ ಆಗುವ ಹಾಗೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಡಿ2 ಬಾಯಿಯ ಮೇಲೆ ಸಣ್ಣ ಸಣ್ಣ ಚಕ್ಕೆ ಎದ್ದ ಗುರುತು, ಗರಗಸದ ಹಲ್ಲಿನಂತೆ. ದೊಡ್ಡ ಕಾರ್ಬೈಡ್ ಕಣಗಳ ಆಟ ಇದು. ಮ್ಯಾಗ್ನಾಕಟ್‌ನಲ್ಲಿ ಒಂದು ಕಡೆ ಸ್ವಲ್ಪ ಮಡಿಚಿತ್ತು ಅಷ್ಟೇ, ಚಕ್ಕೆ ಇಲ್ಲ. 20 ಡಿಗ್ರಿಯಲ್ಲಿ ಡಿ2 ಕೂಡ ಗಟ್ಟಿಯಾಗಿ ನಿಂತಿತು. ಅಂದರೆ ದುಡ್ಡು ಕೊಟ್ಟಿದ್ದು ಕಾರ್ಬೈಡ್‌ನ ಗಡಸಿಗಲ್ಲ, ತೆಳ್ಳನೆಯ ಕೋನವನ್ನು ಹೊರುವ ಶಕ್ತಿಗೆ. ಬಾಯಿ ಜಾಸ್ತಿ ಹೊತ್ತು ಕೊಯ್ಯುವುದು ಆ ಕೋನದಿಂದ.

ಬ್ಲೀಚ್ ನೀರಿನಲ್ಲಿ ಐದು ನಿಮಿಷಕ್ಕೇ ಡಿ2 ಮೇಲೆ ಬೂದು ಕಲೆ, ಬಾಯಿಯ ಹತ್ತಿರ ಚುಕ್ಕಿ ಚುಕ್ಕಿ. ಮ್ಯಾಗ್ನಾಕಟ್ ಮೇಲೆ ಕಣ್ಣಿಗೆ ಕಾಣುವಂಥದ್ದು ಏನೂ ಇಲ್ಲ. ಹಾಗಂತ ರಾತ್ರಿಯಿಡೀ ನೆನೆಸಿಡಬೇಡಿ, ಕ್ಲೋರಿನ್ ಎಂಥ ಸ್ಟೇನ್‌ಲೆಸ್ ಅನ್ನೂ ತಿನ್ನುತ್ತದೆ. ಐದು ನಿಮಿಷ, ಆಮೇಲೆ ನಲ್ಲಿ ನೀರು, ಒರೆಸಿ ಒಣಗಿಸುವುದು.

ಹಿಡಿಯ ಬಗ್ಗೆ ಹೇಳುವುದು ಹೆಚ್ಚೇನಿಲ್ಲ. ಕಿತ್ತಳೆ ಬಣ್ಣದ ಜಿ10 (ಗಾಜಿನ ನಾರು ಮತ್ತು ಎಪಾಕ್ಸಿ ಸೇರಿಸಿ ಮಾಡಿದ ಹಲಗೆ), ಎಪಾಕ್ಸಿ ಅಂಟು, ಎರಡು ಪಿನ್. ನುಣುಪು ಮಾಡದೆ ತರಿಯಾಗಿಯೇ ಬಿಟ್ಟೆ, ರಕ್ತ ಕೊಬ್ಬು ಮೆತ್ತಿದ ಕೈ ಜಾರಬಾರದು. ಇಲ್ಲಿನ ಬೇಟೆಗಾರರು ಮೈಮೇಲೆ ಹೊಳೆಯುವ ಕಿತ್ತಳೆ ಬಟ್ಟೆ ಹಾಕುವುದು ಕಡ್ಡಾಯ, 2016ರಿಂದ ಗುಲಾಬಿಯೂ ನಡೆಯುತ್ತದೆ. ಗುಲಾಬಿ ಹಿಡಿ ಹಾಕಲಾ ಅಂದೆ, ಬೇಡ ಅಂದ. ಒರೆ ಕೈಡೆಕ್ಸ್ ಎಂಬ ಪ್ಲಾಸ್ಟಿಕ್‌ನದು, ತೊಳೆಯಬಹುದು. ಚರ್ಮದ ಒರೆ ನೋಡಲು ಚೆಂದ, ಆದರೆ ರಕ್ತ ಹೀರಿಕೊಂಡರೆ ಬ್ಲೀಚ್ ಹಾಕಲು ಆಗುವುದಿಲ್ಲ.

ಸೀಸನ್ ಮುಗಿದ ಮೇಲೆ ಗೆಳೆಯನಿಗೆ ಕೊಟ್ಟ ಮ್ಯಾಗ್ನಾಕಟ್ ಚಾಕು ನೋಡಲು ಸಿಕ್ಕಿತು. ಎರಡು ಜಿಂಕೆ ಆಗಿತ್ತು. ಕೈ ಮೇಲಿನ ಕೂದಲು ಬೋಳಿಸುವಷ್ಟು ಹರಿತ ಉಳಿದಿರಲಿಲ್ಲ, ಕಾಗದವನ್ನು ಮಾತ್ರ ಸಲೀಸಾಗಿ ಕೊಯ್ಯುತ್ತಿತ್ತು. ಚಕ್ಕೆ ಒಂದೂ ಇಲ್ಲ. ಸಣ್ಣ ಡೈಮಂಡ್ ಪ್ಲೇಟ್ ಮೇಲೆ ಸ್ವಲ್ಪ ಉಜ್ಜಿದ್ದಕ್ಕೆ ಬಾಯಿ ವಾಪಸ್ ಬಂತು. ಇದರಲ್ಲಿ ಅವನ ಕೈಗೂ ಪಾಲು ಕೊಡಬೇಕು. ಅವನು ಕೂದಲಿನ ಮೇಲಿಂದ ಕೊಯ್ಯುವುದೇ ಇಲ್ಲ. ಚರ್ಮಕ್ಕೆ ಒಂದು ತೂತು ಮಾಡಿ, ಬಾಯಿ ಮೇಲ್ಮುಖ ಮಾಡಿ ಒಳಗಿನಿಂದ ಹೊರಗೆ ಸೀಳುತ್ತಾನೆ. ಕೂದಲು ಪಕ್ಕಕ್ಕೆ ಸರಿಯುತ್ತದೆ, ಮರಳಿನ ಸಹವಾಸವೇ ಅರ್ಧ ತಪ್ಪುತ್ತದೆ. ಹಾಗೆ ಮಾಡದವನಿಗೆ ಎಸ್90ವಿ ಕೊಟ್ಟರೂ ಮಧ್ಯಾಹ್ನದೊಳಗೆ ಮೊಂಡು.

ಡಿ2 ಅಲಗಿನ ಕಲೆ ಉಜ್ಜಿ ತೆಗೆದು, 20 ಡಿಗ್ರಿಯಲ್ಲೇ ಬಿಟ್ಟು, ಗ್ಯಾರೇಜಿನಲ್ಲಿ ರಟ್ಟು ಕೊಯ್ಯಲು ಇಟ್ಟುಕೊಂಡಿದ್ದೇನೆ. ಗೆಳೆಯನ ತಮ್ಮ ಈಗ ಮೀನಿನ ಮುಳ್ಳಿನಿಂದ ಮಾಂಸ ಬಿಡಿಸುವ ಫಿಲೆ ಚಾಕು ಕೇಳಿದ್ದಾನೆ, ಅವನಿಗೂ ಮ್ಯಾಗ್ನಾಕಟ್ಟೇ ಬೇಕಂತೆ. ಮೀನಿನಲ್ಲಿ ಮರಳೆಲ್ಲಿ ಬಂತು? ಅಲ್ಲಿ ಬೇಕಾಗಿರುವುದು ಸಣ್ಣ ಕಾರ್ಬೈಡ್, ತುಕ್ಕು ಹಿಡಿಯದ ಗುಣ ಮತ್ತು ಬಳುಕು, ಬಳುಕು ಬರುವುದು ಹದದಿಂದಲ್ಲ, ಅಲಗಿನ ದಪ್ಪದಿಂದ. ಎಇಬಿ-ಎಲ್ ಹೇಳಿದ್ದೇನೆ, ಮೊದಲಿಗೆ ಶೇವಿಂಗ್ ಬ್ಲೇಡಿಗೆ ಅಂತ ಮಾಡಿದ ಉಕ್ಕು, ಬೆಲೆಯೂ ಕಮ್ಮಿ. ಒಂದೂವರೆ ಮಿಲಿಮೀಟರ್ ಪಟ್ಟಿ ಆರ್ಡರ್ ಮಾಡಿ ಆಗಿದೆ.